ಬಿಕಲಂ ಹಣಮಂತ್ರಾಯ

ಹತ್ತೂವರೆಗೆ ಬಂದು ಎದುರಿನ ಕಲ್ಲುಬೆಂಚಿನ ಮೇಲೆ ಕೂತ ಹೆಂಗಸು ಹನ್ನೆರಡಾದರೂ ಏಳಲಿಲ್ಲ. ಶಹಾಪುರದ ತಹಶೀಲ್ದಾರ್ ಕಚೇರಿಗೆ ಬಂದವರು ಯಾರೂ ಹೀಗೆ ಸುಮ್ಮನೆ ಕೂಡುವವರಲ್ಲ. ಒಳಗೆ ಹೋಗುತ್ತಾರೆ, ಬೈಸಿಕೊಂಡು ಹೊರಗೆ ಬರುತ್ತಾರೆ, ಆಮೇಲೆ ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡ ಹಣಮಂತ್ರಾಯನ ಮುಂದೆ ನಿಂತು ಅರ್ಜಿ ಬರೆಯಿರಿ ಅನ್ನುತ್ತಾರೆ. ಇವಳು ಒಳಗೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಮಡಿಲಲ್ಲಿ ಕಂದು ಬಣ್ಣದ ರೆಕ್ಸಿನ್ ಚೀಲ, ಅದರ ಮೇಲೆ ಎರಡೂ ಕೈ. ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿ ತಲೆ ಎತ್ತಿದರೆ ಅವಳ ಕಣ್ಣು ಕಚೇರಿಯ ಗೋಡೆಯ ಮೇಲೆ. ಗೋಡೆಯಲ್ಲಿ ನೋಡುವಂಥದ್ದು ಏನಿದೆ? ಯಾರೋ ಹೆಂಗಸು ಎಂದು ಅವನು ಮುಂಜಾನೆಯಿಂದ ತನಗೆ ತಾನೇ ಹೇಳಿಕೊಂಡದ್ದು ಶುದ್ಧ ಸುಳ್ಳು. ಗೇಟಿನ ಹತ್ತಿರ ಲಾರಿ ಧೂಳೆಬ್ಬಿಸಿದಾಗ ಅವಳು ಸೆರಗನ್ನು ಮೂಗಿನ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿದ್ದನ್ನು ನೋಡಿದಾಗಲೇ ಅವನಿಗೆ ಗೊತ್ತಾಗಿತ್ತು. ಹಾಗೆ ಸಿಕ್ಕಿಸುತ್ತಿದ್ದವಳು ಹಿಟ್ಟಿನ ಗಿರಣಿಯ ಶಂಕ್ರಮ್ಮ ಒಬ್ಬಳೇ; ಊರಿಗೆಲ್ಲ ಮಾಸ್ಕ್ ಬರುವ ಎಷ್ಟೋ ವರ್ಷ ಮೊದಲೇ ಮೂಗು ಮುಚ್ಚಿಕೊಂಡು ಬದುಕಿದವಳು. ಇವಳು ಅವಳ ಮಗಳು ಸುಮಲತಾ, ಗಡಿಯಾಚೆ ನಾರಾಯಣಪೇಟೆಗೆ ಕೊಟ್ಟವಳು. ಶಂಕ್ರಮ್ಮ ಎರಡನೆಯ ಅಲೆಯಲ್ಲಿ ಸತ್ತು ಎರಡು ವರ್ಷವಾಯಿತು. ಸಾಯುವ ದಿನ ಅವಳ ಮೃತ್ಯುಪತ್ರ ಬರೆದವನು ಹಣಮಂತ್ರಾಯ.

ಮೂವತ್ತೊಂದು ವರ್ಷದಿಂದ ಅವನ ಬದುಕು ಬಿಕಲಂ ಎಂಬ ಒಂದು ಶಬ್ದದ ಮೇಲೆ ನಡೆದಿದೆ. ಯಾರದೋ ಮಾತನ್ನು ಕಾಗದಕ್ಕೆ ಇಳಿಸಿ ಕೊನೆಯಲ್ಲಿ ‘ಬಿಕಲಂ ಹಣಮಂತ್ರಾಯ’ ಎಂದು ಬರೆಯುವುದು. ಮೇಲಿನ ಮಾತು ಅವರದು, ಅಕ್ಷರ ಮಾತ್ರ ನನ್ನದು ಎಂದು ಅದರ ಅರ್ಥ. ನಿಜಾಮನ ಕಾಲದ ಶಬ್ದ. ಎಂಥ ಜಗಳದ ಕಾಗದವಾದರೂ ಆ ಶಬ್ದದ ಹಿಂದೆ ನಿಂತರೆ ಬರೆದವನಿಗೆ ಏನೂ ತಟ್ಟುವುದಿಲ್ಲ ಎಂದು ಅವನ ನಂಬಿಕೆ. ಆದರೆ ಶಂಕ್ರಮ್ಮನ ಕಾಗದದಲ್ಲಿ ಅವನು ಬಿಕಲಂ ಹಾಕಿದ್ದಲ್ಲದೆ ಸಾಕ್ಷಿಯ ರುಜುವನ್ನೂ ಮಾಡಿದ್ದಾನೆ. ಕೆಳಗಿನ ಹೆಬ್ಬೆಟ್ಟಿಗೆ ‘ಶಂಕ್ರಮ್ಮನ ಬಲಗೈ ಹೆಬ್ಬೆರಳಿನ ಗುರುತು, ನನ್ನ ಸಮಕ್ಷಮ ಒತ್ತಿದ್ದು’ ಎಂದು ಬರೆದಿದ್ದಾನೆ. ಗಂಡಸರದು ಎಡಗೈ, ಹೆಂಗಸರದು ಬಲಗೈ; ಇದು ಅವನ ಕೈಗೆ ಕೂತುಹೋದ ಪಾಠ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಆದರೆ ಅಂದು ಒತ್ತಿದ್ದು ಅವನ ಸಮಕ್ಷಮ ಅಲ್ಲ, ಒಂದು ಫೋನಿನ ಪರದೆಯಲ್ಲಿ. ಎರಡು ವರ್ಷ ಆ ಕಾಗದ ಶಂಕ್ರಮ್ಮನ ಮಗ ಸಂಜುಕುಮಾರನ ಟ್ರಂಕಿನಲ್ಲಿ ತಣ್ಣಗೆ ಮಲಗಿತ್ತು. ಈಗ ಅವನು ಅದನ್ನು ತೋರಿಸಿ ಗಿರಣಿಯ ಖಾತೆ ತನ್ನ ಹೆಸರಿಗೆ ಮಾಡಿಸಲು ಹೊರಟಿದ್ದಾನೆ. ತಕರಾರಿದ್ದರೆ ಮೂವತ್ತು ದಿನದೊಳಗೆ ಸಲ್ಲಿಸಿ ಎಂದು ನೋಟೀಸು ಹಚ್ಚಿದ್ದಾರೆ. ಇವತ್ತಿಗೆ ಇಪ್ಪತ್ತೆಂಟು. ಇವತ್ತೇ ಈ ಮಗಳು ಬಂದು ಬೆಂಚಿನ ಮೇಲೆ ಕೂತಿದ್ದಾಳೆ, ಅದೂ ತನ್ನೆದುರಿಗೆ. ತಕರಾರು ಹಾಕಲು ಸುರಪುರದಲ್ಲಿ ವಕೀಲರಿಲ್ಲವೇ, ಯಾದಗಿರಿಯಲ್ಲಿ ಇಲ್ಲವೇ? ಯಾವನೋ ವಕೀಲನೇ ಕಳಿಸಿರಬೇಕು, ಹೋಗಿ ಮೊದಲು ಆ ಮುದುಕನ ಬಾಯಿ ಬಿಡಿಸು ಎಂದು. ಚೀಲದಲ್ಲಿ ಫೋನು ಈಗಾಗಲೇ ಮಾತು ಹಿಡಿಯುತ್ತಿರಬಹುದು.

‘ಭಾಯಿ, ಆ ಹೆಣಮಗಳು ಮುಂಜಾನಿಂದ ಕುಂತಾಳ. ನಿಮ್ಮ ಗಿರಾಕಿ ಏನ್ರಿ?’ ಪಕ್ಕದ ಮೇಜಿನ ಟೈಪಿಸ್ಟ್ ಶರೀಫಸಾಬ ಕೇಳಿದ.

‘ನನಗೇನ್ ಗೊತ್ತು. ನಿನ್ನ ಗಿರಾಕಿ ಇರಬೇಕು.’

‘ನಮ್ಮ ಹತ್ರ ಬರೋರು ಹಿಂಗ ಹೆದರಿಕೊಂಡು ಕೂಡಂಗಿಲ್ಲ.’

ಹೆದರಿಕೊಂಡು? ಹಣಮಂತ್ರಾಯನಿಗೆ ಹಾಗೆ ಕಂಡಿರಲಿಲ್ಲ. ಶರೀಫಸಾಬ ಹಾಗೆ ಹೇಳಿದ್ದರ ಹಿಂದೆ ಏನೋ ಇದೆ. ಅಂದು ಇನ್ನೊಬ್ಬ ಸಾಕ್ಷಿಯಾಗಿ ರುಜು ಮಾಡು ಎಂದು ತಾನು ಫೋನಿನ ಪರದೆ ಮುಂದೆ ಹಿಡಿದಾಗ ಇವನು ಕನ್ನಡಕ ತೆಗೆದು ಒರೆಸಿ, ‘ನನಗ ಮಸುಕ ಕಾಣಸ್ತದ ಭಾಯಿ, ಬ್ಯಾಡ’ ಎಂದಿದ್ದ. ಮಸುಕಾಗಿ ಕಾಣುವವನು ಅದೇ ಸಂಜೆ ಆರು ಪುಟ ತಪ್ಪಿಲ್ಲದೆ ಟೈಪು ಮಾಡಿದ. ಆ ದಿನದಿಂದ ಇಬ್ಬರೂ ಒಂದೇ ಕೆಟಲಿನ ಚಹಾ ಕುಡಿಯುತ್ತಾರೆ, ಆ ಮಾತು ಎತ್ತಿಲ್ಲ. ಎತ್ತಿಲ್ಲ ಎಂಬುದೇ ಹಣಮಂತ್ರಾಯನನ್ನು ಸುಡುತ್ತದೆ. ಈ ಮನುಷ್ಯ ಯಾರಿಗಾದರೂ ಹೇಳಿರಬಹುದು. ನಮಾಜಿಗೆ ಹೋದಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಹೆಂಡತಿಗೆ. ಹೇಳಿದ್ದರೆ ಅದರಲ್ಲಿ ತಪ್ಪೇನಿದೆ ಎಂದೂ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ.

ಮೇಜಿನ ಹಿಂದೆ ಗೋಡೆಗೆ ಆನಿಸಿದ ಪ್ಲೈವುಡ್ ಹಲಗೆ ಇನ್ನೂ ಹಾಗೇ ಇದೆ. ಈಗ ಅದರ ಮೇಲೆ ಪಹಣಿಯ ದರ, ಆಧಾರ್ ತಿದ್ದುಪಡಿಯ ಪಟ್ಟಿ. ಕೆರೆದರೆ ಕೆಳಗೆ ಲಾಕ್‌ಡೌನಿನ ಆ ದಿನಗಳು ಸಿಗುತ್ತವೆ. ವಾರಕ್ಕೊಂದು ಆದೇಶ ಬರುತ್ತಿತ್ತು, ಒಮ್ಮೊಮ್ಮೆ ದಿನಕ್ಕೆ ಎರಡು. ಹಣಮಂತ್ರಾಯ ಅವನ್ನು ಫೋನಿನಲ್ಲಿ ಹಿಡಿದು, ಶರೀಫಸಾಬನ ಕೈಲಿ ಅಚ್ಚು ಹೊಡೆಸಿ, ಹಲಗೆಗೆ ಅಂಟಿಸಿ ಓದಿ ಹೇಳುತ್ತಿದ್ದ. ಸುಣ್ಣದ ವೃತ್ತಗಳಲ್ಲಿ ಜನ ನಿಂತಿರುತ್ತಿದ್ದರು. ಮದುಮಕ್ಕಳು ಐವತ್ತರೊಳಗೆ ಬರುತ್ತಾರೋ ಹೊರಗೋ? ಅಡುಗೆಯವರನ್ನು ಎಣಿಸಬೇಕೋ? ನಿಖಾ ಓದಿಸುವ ಕಾಜಿ ಪಟ್ಟಿಯಲ್ಲಿ ಬೇಕೋ ಬೇಡವೋ? ಮಣ್ಣಿಗೆ ಇಪ್ಪತ್ತೇ ಜನ ಅಂದರೆ ಹೊರುವವರು ನಾಲ್ವರು ಅದರಲ್ಲೇ ಹೋದರೇ? ಬಟ್ಟೆ ಅಂಗಡಿಯವನು ಮಾಸ್ಕ್ ನೇತುಹಾಕಿದರೆ ಔಷಧದಂಗಡಿ ಆಗುತ್ತದೆಯೇ? ಅವನು ಬೆರಳಿಟ್ಟು ಕಲಂ ಓದಿ ತೀರ್ಪು ಕೊಡುತ್ತಿದ್ದ. ಬಿಕಲಮಿನ ಹಿಂದೆ ಬಗ್ಗಿ ಕೂತವನ ಮಾತಿಗೆ ಮೊದಲ ಸಲ ಊರು ಕಿವಿ ಕೊಟ್ಟಿತು. ಬೀಟಿನ ಪೊಲೀಸ ಕೂಡ ಬಂದು, ‘ಕಾಕಾ, ಇವತ್ತು ಏನು ಬಂದ್, ಏನು ಚಾಲೂ?’ ಎಂದು ಕೇಳುತ್ತಿದ್ದ. ಎಂಥ ಸುಖ ಅದು. ಜನ ಸಾಯುತ್ತಿದ್ದ ದಿನಗಳಲ್ಲಿ ತಾನು ಸುಖವಾಗಿದ್ದೆ ಎಂಬುದನ್ನು ಅವನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಶಂಕ್ರಮ್ಮ ಕೂಡ ಬಂದಿದ್ದಳು, ರೊಟ್ಟಿಯ ಹಿಟ್ಟು ಅಂಟಿದ ಕೈಯಲ್ಲೇ. ಹಿಟ್ಟು ಅತ್ಯವಶ್ಯಕ, ಗಿರಣಿ ನಡೆಸಬಹುದು. ಖಾರ ಕುಟ್ಟುವುದು ಪಟ್ಟಿಯಲ್ಲಿಲ್ಲ, ಆ ಯಂತ್ರ ನಿಲ್ಲಿಸು ಎಂದಿದ್ದ. ‘ಖಾರ ಇಲ್ದ ಬರೇ ರೊಟ್ಟಿ ತಿಂತಾರೇನ್ರಿ ಸರಕಾರದವರು?’ ಎಂದು ಅವಳು ನಕ್ಕಿದ್ದಳು. ನಕ್ಕರೂ ಯಂತ್ರ ನಿಲ್ಲಿಸಿದಳು. ಅವನ ಮಾತು ಅಂದರೆ ಅವಳಿಗೆ ಕಾನೂನೇ.

ಮಗಳಿಗೂ ಅದನ್ನೇ ಹೇಳಿಕೊಟ್ಟಿರಬೇಕು. ಇಲ್ಲದಿದ್ದರೆ ಆ ದಿನ ಹನ್ನೊಂದಕ್ಕೆ, ಗುರುಮಠಕಲ್ಲಿನ ಆಚೆ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತು, ಅವಳು ಇವನಿಗೇಕೆ ಫೋನು ಮಾಡುತ್ತಿದ್ದಳು? ‘ಕಾಕಾ, ಅವ್ವಗ ಭಾಳ ಆಗ್ಯಾದಂತ. ಇಲ್ಲಿ ಪೊಲೀಸರು ಬಿಡವಲ್ರು. ರೂಲ್ ಏನದ ಹೇಳ್ರಿ, ನಾ ಅವರಿಗೆ ಕೊಡ್ತೀನಿ, ನೀವೇ ಮಾತಾಡ್ರಿ.’ ಗಾಳಿಗೆ ಅವಳ ಮಾತು ಹರಿದು ಹರಿದು ಬರುತ್ತಿತ್ತು. ಮೇಜಿನ ಎದುರಿಗೆ ಅವಳ ಅಣ್ಣ ಸಂಜುಕುಮಾರ ಕೂತಿದ್ದ. ಮೃತ್ಯುಪತ್ರದ ಮೊದಲ ಪುಟ ಅರ್ಧ ಬರೆದಾಗಿತ್ತು. ಆ ವಾರದ ಆದೇಶ ಹಲಗೆಯ ಮೇಲೇ ಇತ್ತು: ಪಾಸ್ ಇಲ್ಲದೆ ರಾಜ್ಯದ ಗಡಿ ದಾಟುವಂತಿಲ್ಲ. ಅದು ಮೊದಲ ಪುಟ. ಎರಡನೆಯ ಪುಟದ ಐದನೆಯ ಕಲಮಿನಲ್ಲಿ ತಂದೆತಾಯಿಯ ಮರಣಾಸನ್ನ ಸ್ಥಿತಿಯಲ್ಲಿ ಪಾಸ್ ಇಲ್ಲದೆಯೂ ಬಿಡತಕ್ಕದ್ದು ಎಂದಿತ್ತು. ಅವನು ಆ ಪುಟವನ್ನು ಹಿಂದಿನ ದಿನ ಎರಡು ಸಲ ಓದಿದ್ದ. ಸಂಜುಕುಮಾರ ಬೇಡ ಅನ್ನಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಬರೀ ಕಾಗದವನ್ನು ಒಂದು ಬೆರಳಿನಿಂದ ಇತ್ತ ಸರಿಸಿದ. ಅಷ್ಟೇ. ಅಷ್ಟಕ್ಕೆ ಹಣಮಂತ್ರಾಯನಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು, ಮಗಳು ಬಂದರೆ ಅಳು, ಮಾತಿಗೆ ಮಾತು, ಬರೆದ ಕಾಗದ ಹರಿದು ಹೊಸದು. ‘ಪಾಸ್ ಇಲ್ದ ಬರಂಗಿಲ್ಲಮ್ಮ. ಹೊಳ್ಳಿ ಹೋಗು. ಕೇಸ್ ಹಾಕ್ತಾರ,’ ಎಂದ. ಎಷ್ಟು ಸಲೀಸಾಗಿ ಬಂತು ಅದು ಬಾಯಿಗೆ. ಫೋನಿಟ್ಟು, ನಾನು ಪೂರ್ಣ ಎಚ್ಚರದಲ್ಲಿದ್ದು ಯಾರ ಒತ್ತಾಯವೂ ಇಲ್ಲದೆ ಎಂಬ ಸಾಲು ಮುಂದುವರಿಸಿದ.

ಹೆಬ್ಬೆಟ್ಟಿನ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಊರ ಹೊರಗಿನ ಹಾಸ್ಟೆಲ್ಲಿನಲ್ಲಿ ವಾರ್ಡು ತೆರೆದಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೋರ್ಟುಗಳೇ ಪರದೆಯಲ್ಲಿ ನಡೆಯುತ್ತಿವೆ, ನಾವು ಒಂದು ಹೆಬ್ಬೆಟ್ಟು ನೋಡಿದರೆ ಏನು ಎಂದು ಅವನೇ ತೀರ್ಪು ಕೊಟ್ಟುಕೊಂಡಿದ್ದ. ಹಾಗೆಂದು ಯಾವ ಆದೇಶದಲ್ಲೂ ಇರಲಿಲ್ಲ. ಕಾಗದ ಒಳಗೆ ಹೋಯಿತು. ಪರದೆಯಲ್ಲಿ ಕಂಡದ್ದು ಬಿಳಿ ಅಂಗಿಯ ವಾರ್ಡಿನ ಆಳು, ಒಂದು ತೋಳು, ಶಾಯಿಯ ಪ್ಯಾಡು. ಮುಖ ಕಾಣಲಿಲ್ಲ. ಮುಖ ತೋರಿಸು ಅನ್ನಬಹುದಿತ್ತು, ಅನ್ನಲಿಲ್ಲ. ಆಕ್ಸಿಜನ್ ಯಂತ್ರದ ಗೊರಗೊರ ಬಿಟ್ಟರೆ ಅವಳ ಕಡೆಯಿಂದ ಸದ್ದಿಲ್ಲ. ಆಳು ಹೆಬ್ಬೆರಳು ಹಿಡಿದು ಒತ್ತಿಸಿದ, ಕೈ ಮೇಲೆ ಹೋಗಿ ಪರದೆಯಿಂದ ಮರೆಯಾಯಿತು, ಫೋನು ಬಂದ್. ಅದೇ ಆಳು ಇನ್ನೊಬ್ಬ ಸಾಕ್ಷಿ. ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಹೊರಗೆ ಬಂತು. ಅದನ್ನು ಕಲ್ಲಿನ ಮೇಲೆ ಬಿಸಿಲಿಗಿಟ್ಟು, ಮೇಲೆ ಇಸ್ತ್ರಿ ಆಡಿಸಿ, ಆಮೇಲೆ ಅವನು ರುಜು ಮಾಡಿದ. ಶಂಕ್ರಮ್ಮ ಐದಕ್ಕೆ ಸತ್ತಳು ಎಂದು ಸಂಜುಕುಮಾರ ಹೇಳಿದ. ವಾರದ ಮೇಲೆ ಗಿರಣಿಯ ಹತ್ತಿರ ಯಾರೋ, ಇಲ್ಲ, ಮಧ್ಯಾಹ್ನ ಹನ್ನೆರಡಕ್ಕೇ ಹೋಗಿದ್ದಳಂತೆ ಅಂದರು. ಅಂದಿನಿಂದ ಹಣಮಂತ್ರಾಯನಿಗೆ ಆ ತೋಳು ನೆನಪಾದಾಗಲೆಲ್ಲ ಅದು ಹೆಣದ ತೋಳಾಗಿಯೇ ಕಾಣುತ್ತದೆ. ತಾನು ಸತ್ತವಳ ಹೆಬ್ಬೆಟ್ಟಿಗೆ ಸಾಕ್ಷಿ. ಹೆಂಡತಿ ರೊಟ್ಟಿ ಬಡಿಯುವಾಗ ಅವಳ ಹಿಟ್ಟಿನ ಕೈ ನೋಡಲಾರದೆ ಎಷ್ಟೋ ಸಲ ಅಡುಗೆಮನೆಯಿಂದ ಎದ್ದು ಬಂದಿದ್ದಾನೆ.

ಅವಳು ಎದ್ದಳು. ನೇರವಾಗಿ ಬಂದು, ಕೂಡು ಅನ್ನುವ ಮೊದಲೇ ಎದುರಿನ ಸ್ಟೂಲಿನ ಮೇಲೆ ಕೂತಳು. ಶರೀಫಸಾಬನ ಟೈಪಿನ ಸದ್ದು ನಿಂತಿತು.

‘ನಾ ಶಂಕ್ರಮ್ಮನ ಮಗಳು. ಗುರುತು ಹತ್ತೇನ್ರಿ ಕಾಕಾ?’

‘ಹೌದೇನು,’ ಎಂದ. ‘ಭಾಳ ದಿನ ಆಯ್ತಲ್ಲ.’

ಅವಳು ಚೀಲದಿಂದ ಮೃತ್ಯುಪತ್ರದ ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. ಅವನ ಅಕ್ಷರ, ಅವನ ರುಜು. ಹೆಬ್ಬೆಟ್ಟು ಕಪ್ಪು ಮುದ್ದೆಯಾಗಿ ಬಂದಿತ್ತು. ‘ತಕರಾರಿಗೆ ಇನ್ನ ಎರಡು ದಿನ ಅದಾವ. ವಕೀಲರು ಅರ್ಜಿ ಬರದು ಕೊಟ್ಟಾರ. ಅದನ್ನ ಕೊಡೂಕಿಂತ ಮೊದಲು ನಿಮ್ಮನ್ನ ಒಂದ್ ಮಾತು ಕೇಳಬೇಕಾಗ್ಯಾದ.’

ಬಂತು, ಎಂದುಕೊಂಡ ಅವನು. ನಿಮ್ಮ ಸಮಕ್ಷಮವೇ ಒತ್ತಿದಳೇ ಎಂದು ಕೇಳುತ್ತಾಳೆ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ, ಹೊತ್ತು ಕಳೆಯಲು. ಬಲಗೈ ಎಂದು ಬರೆದ ತನ್ನ ದುಂಡಗಿನ ಅಕ್ಷರ. ಅಂದು ಅವನು ಫೋನಿನಲ್ಲಿ ಬಲಗೈ, ಬಲಗೈ ಎಂದು ಕೂಗಿದ್ದು ನಿಜ. ಆಳು ಏನೋ ಅಂದಿದ್ದ. ಏನಂದ? ‘ಬಲಗೈಗೆ ಸಲಾಯಿನ್ ಹಚ್ಯಾರ್ರಿ, ಎಡಗೈ ನಡೀತದೇನು?’ ನಡೀತದ ಎಂದು ಇವನೇ ಹೇಳಿದ್ದ. ಮತ್ತೆ ಸಂಜೆ ಬರೆಯುವಾಗ ಕೈ ತನ್ನ ಪಾಡಿಗೆ ತಾನು ಬಲಗೈ ಎಂದು ಬರೆದಿತ್ತು. ಎರಡು ವರ್ಷದಿಂದ ತಾನು ನೆನೆಸಿಕೊಳ್ಳುತ್ತಿದ್ದದ್ದೂ ಬರೆದ ಕೈಯನ್ನೇ, ಕಂಡ ಕೈಯನ್ನಲ್ಲ. ಎಡಗೈ. ಆಳು ಫೋನನ್ನು ಪಕ್ಕಕ್ಕೆ ಆನಿಸಿಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಿದ್ದಾನೆ. ಅವನ ಎರಡು ಕೈಯೂ ಕಾಗದದ ಮೇಲಿವೆ. ಅವನ ಹಿಂದೆ ಆ ಎಡಗೈ ತಾನಾಗಿ ಎದ್ದು ಮೇಲಕ್ಕೆ ಹೋಗುತ್ತದೆ, ಹೆಬ್ಬೆರಳು ಮಡಿಸಿ. ಎಲ್ಲಿಗೆ? ಈ ಮೇಜಿನ ಮುಂದೆ ಹೆಬ್ಬೆಟ್ಟು ಒತ್ತಿದ ಸಾವಿರ ಹೆಂಗಸರು ಬೆರಳು ಎತ್ತಿದ ಕೂಡಲೇ ಎಲ್ಲಿಗೆ ಒಯ್ಯುತ್ತಾರೋ ಅಲ್ಲಿಗೆ. ಶಾಯಿ ಒರೆಸಿಕೊಳ್ಳಲು, ತಲೆಗೂದಲಿಗೆ. ಸತ್ತವರು ಶಾಯಿ ಒರೆಸಿಕೊಳ್ಳುವುದಿಲ್ಲ. ಎದೆಯ ಮೇಲಿನ ಬಂಡೆ ಸರಿದಂತಾಗಿ ಅವನಿಗೆ ಕಣ್ಣಲ್ಲಿ ನೀರು ಬಂತು.

‘ನೀವು ಅವ್ವನ್ನ ಕಡೀಕ ನೋಡಿದವ್ರು,’ ಸುಮಲತಾ ಹೇಳುತ್ತಿದ್ದಳು. ‘ನನಗ ಒಬ್ಬರು ಹನ್ನೆರಡು ಅಂತಾರ, ಒಬ್ಬರು ಐದು ಅಂತಾರ. ಸರ್ಟಿಫಿಕೇಟಿನ್ಯಾಗ ತಾರೀಖದ, ಹೊತ್ತಿಲ್ಲ. ಖರೇ ಹೇಳ್ರಿ. ಹೆಬ್ಬೆಟ್ಟು ನಾಕಕ್ಕ ಒತ್ತಿಸಿದ್ದು ಅಂತಾನ ಅಣ್ಣ, ಅವಾಗ ಅವ್ವ ಇದ್ಳೇನು?’

‘ಇದ್ಳಮ್ಮ. ಖರೇನ ಇದ್ಳು.’ ಅವನ ದನಿ ತಾನೇ ಏರಿತು. ‘ಇದು ಎಡಗೈ ನೋಡು. ನಾನೇ ತಪ್ಪು ಬರದೀನಿ, ಬೇಕಾದ್ರ ನಾಳೆ ಯಾರ ಮುಂದ ಬೇಕಾದ್ರೂ ಒಪ್ಕೋತೀನಿ. ಬಲಗೈಗೆ ಸಲಾಯಿನ್ ಇತ್ತು. ಒತ್ತಿದಮ್ಯಾಲ ತಾನ ಕೈ ಎತ್ತಿ ತಲಿಗೆ ಒರಸಿಕೊಂಡ್ಳು. ಯಾರೂ ಎತ್ತಲಿಲ್ಲ, ಆಕಿನ ಎತ್ತಿದ್ಳು. ನಾ ಕಂಡೀನಿ.’ ಎರಡು ವರ್ಷದ ಮೇಲೆ ಮೊದಲ ಸಲ ಅವನು ಒಬ್ಬರ ಮುಖವನ್ನು ನೆಟ್ಟಗೆ ನೋಡಿದ, ಒಂದು ಒಳ್ಳೆಯ ಸುದ್ದಿ ಕೊಟ್ಟವನ ಹಾಗೆ.

ಅವಳ ಮುಖ ಅರಳಲಿಲ್ಲ. ಕೈ ಮೇಜಿನ ಅಂಚನ್ನು ಹಿಡಿಯಿತು. ತನ್ನಷ್ಟಕ್ಕೆ ಎಣಿಸುವ ಹಾಗೆ ಹೇಳಿದಳು, ‘ಹನ್ನೊಂದಕ್ಕ ನಾ ಗಡಿಮ್ಯಾಲ ಇದ್ದೆ. ಮೂರು ತಾಸಿನ ಹಾದಿ. ಎರಡಕ್ಕ ಬರ್ತಿದ್ದೆ. ಒಳಗ ಬಿಡದಿದ್ರೂ ಕಿಟಕ್ಯಾಗರ ನೋಡ್ತಿದ್ದೆ.’ ಚೀಲವನ್ನು ಮಡಿಲಿಗೆ ಒತ್ತಿಕೊಂಡು, ‘ಹನ್ನೆರಡಕ್ಕೇ ಹೋಗ್ಯಾಳ ಅಂತೀರಿ ಅಂತ ಮುಂಜಾನಿಂದ ದೇವರಿಗೆ ಕೈ ಮುಗುದು ಕುಂತಿದ್ದೆ. ಹಂಗಾಗಿದ್ರ, ಬಂದಿದ್ರೂ ಸಿಗ್ತಿರಲಿಲ್ಲ ಅಂತ ಅನ್ಕೋತಿದ್ದೆ. ಗಿರಣಿ ನನಗ ಯಾಕ ಬೇಕ್ರಿ, ನನಗೇನು ಬೀಸಾಕ ಬರ್ತದೇನು?’ ಎಂದಳು.

ಬೆಂಚಿನ ಮೇಲೆ ಎರಡು ತಾಸು ಕೂತವಳು ಯಾಕೆ ಕೂತಿದ್ದಳು ಎಂಬುದು ಆಗ ಅವನಿಗೆ ತಿಳಿಯಿತು. ಶರೀಫಸಾಬ ಸರಿಯಾಗಿಯೇ ನೋಡಿದ್ದ. ತಾನು ತನ್ನ ರುಜುವನ್ನು ಉಳಿಸಿಕೊಳ್ಳುವ ಖುಷಿಯಲ್ಲಿ, ಅವಳು ಎರಡು ವರ್ಷದಿಂದ ಹಿಡಿದುಕೊಂಡ ಒಂದೇ ಆಸರೆಯನ್ನು ಕೈಯಾರೆ ಕಿತ್ತಿದ್ದ. ಅವನಿಗೆ ನಾಚಿಕೆಯಾಯಿತು, ಎದ್ದು ಹೋಗಬೇಕು ಅನ್ನಿಸಿತು, ಆದರೆ ಹೋಗುವುದೆಲ್ಲಿಗೆ, ಮೇಜು ಅವನದೇ.

‘ಆದ್ರ ಅವಾಗ ರೂಲು ಹಂಗ ಇತ್ತಲ್ರಿ ಕಾಕಾ?’ ಅವಳು ಮೆಲ್ಲಗೆ ಕೇಳಿದಳು. ‘ಪಾಸ್ ಇಲ್ದ ಬಿಡಂಗಿರಲಿಲ್ಲ. ಹೌದಿಲ್ಲೊ?’

ಇಷ್ಟಾದರೂ ಕೊಡೋಣ, ಎಂದು ಅವನಿಗೆ ಅನ್ನಿಸಿತು. ಅವಳಿಗೆ ಒಂದು ಸಮಾಧಾನ. ಅವಳಿಗಾಗಿಯೇ ಹೇಳುತ್ತಿದ್ದೇನೆ ಎಂದು ನಂಬಿಕೊಂಡು, ‘ಹೌದಮ್ಮ. ಹಂಗ ಇತ್ತು. ಏನ್ ಮಾಡಾಕ ಬರ್ತಿತ್ತು,’ ಎಂದ.

ಅವಳು ತಲೆಯಾಡಿಸಿದಳು. ಮತ್ತೆ ಚೀಲಕ್ಕೆ ಕೈ ಹಾಕಿ ಆ ವಾರದ ಆದೇಶದ ಎರಡು ಹಾಳೆ ತೆಗೆದು, ಮೊದಲನೆಯದನ್ನು ಕೆಳಗಿಟ್ಟು ಎರಡನೆಯದನ್ನು ಅವನ ಕಡೆ ತಿರುಗಿಸಿದಳು. ಮಡಿಕೆಯಲ್ಲಿ ಹಾಳೆ ಸವೆದು ಬಿಳಿಯಾಗಿತ್ತು, ಎಷ್ಟೋ ಸಲ ಬಿಚ್ಚಿ ಮಡಿಸಿದ ಹಾಗೆ. ‘ನಮ್ಮ ವಕೀಲರು ಹುಡುಕಿ ಕೊಟ್ಟಾರ. ಐದನೇದು ಓದ್ರಿ. ಜೋರಾಗಿ ಓದ್ರಿ, ಅವಾಗ ಎಲ್ಲರಿಗೂ ಓದಿ ಹೇಳ್ತಿದ್ರಲ್ಲ.’

ಅವನು ಓದಿದ. ದನಿ ಹಳೆಯ ರೂಢಿಗೆ ಬಿದ್ದು, ಸುಣ್ಣದ ವೃತ್ತಗಳವರೆಗೂ ಕೇಳುವ ಹಾಗೆ ಏರಿತು. ತಂದೆ ಅಥವಾ ತಾಯಿ ಮರಣಾಸನ್ನರಾಗಿದ್ದಲ್ಲಿ ಮಕ್ಕಳಿಗೆ ಪಾಸ್ ಕೇಳದೆ ಗಡಿ ದಾಟಲು ಬಿಡತಕ್ಕದ್ದು. ಓದಿ ಮುಗಿಸಿದಾಗ ಶರೀಫಸಾಬ ಕನ್ನಡಕ ತೆಗೆದು ಒರೆಸುತ್ತಿದ್ದ.

ಸುಮಲತಾ ವಕೀಲರು ಬರೆದ ತಕರಾರು ಅರ್ಜಿಯನ್ನು ತೆಗೆದು ನಾಲ್ಕು ತುಂಡು ಮಾಡಿ ಚೀಲಕ್ಕೇ ಹಾಕಿಕೊಂಡಳು. ‘ಗಿರಣಿ ಅಣ್ಣಗ ಇರ್ಲಿ. ಅವ್ವ ಕೊಟ್ಟಾಳ, ಜೀವಂತ ಇದ್ದಾಗ ಕೊಟ್ಟಾಳ. ನೀವು ನನಗ ಒಂದ್ ಕಾಗದ ಬರದು ಕೊಡ್ರಿ.’

‘ಏನಂತ ಬರೀಲಿ?’

‘ಹನ್ನೊಂದಕ್ಕ ನಾ ಬರಬಹುದಿತ್ತು, ನೀವು ಬ್ಯಾಡ ಅಂದ್ರಿ. ನಾಕಕ್ಕ ಅವ್ವ ಕೈ ಎತ್ತಿದ್ಳು. ಎರಡ ಸಾಲು ಸಾಕು.’

‘ಯಾರಿಗೆ ಕೊಡೋದು ಇದು? ತಹಶೀಲ್ದಾರರಿಗೋ, ಕೋರ್ಟಿಗೋ?’

‘ಯಾರಿಗೂ ಇಲ್ಲ. ನನ್ನ ಹತ್ರ ಇರ್ಲಿ.’

ಹಣಮಂತ್ರಾಯ ಬಿಳಿ ಹಾಳೆ ಎಳೆದುಕೊಂಡು ಬರೆದ. ಎರಡು ಸಾಲಿಗೆ ಎಂದೂ ಹಿಡಿಯದಷ್ಟು ಹೊತ್ತು ಹಿಡಿಯಿತು. ಕೊನೆಯಲ್ಲಿ ಕೈ ತನ್ನ ಪಾಡಿಗೆ ತಾನು ‘ಬಿಕಲಂ’ ಎಂದು ಬರೆದು ನಿಂತಿತು. ಮೇಲಿನ ಮಾತು ಯಾರದು ಎಂದು ಅವನು ಒಮ್ಮೆ ನೋಡಿದ. ಆ ಶಬ್ದವನ್ನು ಗೀಟು ಹೊಡೆದು, ಬರೀ ಹಣಮಂತ್ರಾಯ ಎಂದು ಬರೆದು, ಹಾಳೆಯನ್ನು ಅವಳ ಕಡೆ ಸರಿಸಿದ.